ಸಬ್‌ಸ್ಟೇಷನ್‌ಗೆ ಸರಿಯಾದ ಜಾಗ ಯಾವುದು?

ಬೆಳಗಿನ ಏಳು ಗಂಟೆಗೆ ಬೆಂಗಳೂರಿನ ಬಿಟಿಎಂ ಬಡಾವಣೆಯ ಪಿ.ಜಿ.ಗಳಲ್ಲಿ ಗೀಸರ್‌ಗಳು ಒಟ್ಟಿಗೇ ಚಾಲೂ ಆಗುತ್ತವೆ. ಸಂಜೆಯಾದರೆ ಜಯನಗರ 4ನೇ ಬ್ಲಾಕಿನ ಅಂಗಡಿಸಾಲಿನಲ್ಲಿ ದೀಪಗಳು ಝಗಮಗಿಸುತ್ತವೆ. ಇದಕ್ಕಾಗಿ ರಾಜ್ಯದ ವಿದ್ಯುತ್ ಪ್ರಸರಣ ಸಂಸ್ಥೆ ಕೆಪಿಟಿಸಿಎಲ್ 66 ಕಿಲೋವೋಲ್ಟ್‌ನಲ್ಲಿ ತಂದ ವಿದ್ಯುತ್ತು ಸಬ್‌ಸ್ಟೇಷನ್ನಿನಲ್ಲಿ 11 ಕಿಲೋವೋಲ್ಟ್‌ಗೆ ಇಳಿಯುತ್ತದೆ. ವಿತರಣಾ ಸಂಸ್ಥೆ ಬೆಸ್ಕಾಂನ ಫೀಡರ್ ತಂತಿಗಳು ಅದನ್ನು ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ (ಟಿ.ಸಿ.) ಮುಟ್ಟಿಸುತ್ತವೆ.

ವೋಲ್ಟೇಜ್ ಆರು ಪಟ್ಟು ಇಳಿದರೆ, ಅಷ್ಟೇ ವಿದ್ಯುತ್ತನ್ನು ಸಾಗಿಸಲು ತಂತಿಯಲ್ಲಿ ಆರು ಪಟ್ಟು ಕರೆಂಟ್ ಹರಿಯಬೇಕು. ಆಗ ಅದೇ ತಂತಿಯಲ್ಲಿ ಶಾಖವಾಗಿ ಸೋರುವ ನಷ್ಟ 36 ಪಟ್ಟು! ಹಾಗಾಗಿ ಫೀಡರ್ ಗಿಡ್ಡವಾದಷ್ಟೂ ಒಳ್ಳೆಯದು; ಕೊನೆಯ ಮನೆಯಲ್ಲಿ ಫ್ಯಾನ್ ನಿಧಾನವಾಗುವ ಕಷ್ಟವೂ ಕಡಿಮೆ.

ಹಾಗಾದರೆ ಸಬ್‌ಸ್ಟೇಷನ್ ಎಲ್ಲಿರಬೇಕು? ಇದಕ್ಕೆ ನೆರವಾಗುವ ಗಣಿತದ ಹೆಸರು ‘ಕೆ-ಮೀನ್ಸ್’. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಲಾಯ್ಡ್ 1957ರಲ್ಲೇ ಇದರ ವಿಧಾನವನ್ನು ಬರೆದಿಟ್ಟಿದ್ದರು. ಹೆಸರು ಕೊಟ್ಟವರು ಜೇಮ್ಸ್ ಮ್ಯಾಕ್ವೀನ್, 1967ರಲ್ಲಿ. ನಕ್ಷೆಯಲ್ಲಿ ಪ್ರತಿ ಟಿ.ಸಿ.ಯೂ ಒಂದು ಚುಕ್ಕೆ, ಅದರ ಲೋಡೇ ಚುಕ್ಕೆಯ ತೂಕ. ಮೂರು ಸಬ್‌ಸ್ಟೇಷನ್ ಬೇಕೆಂದರೆ ಮೊದಲು ಎಲ್ಲಾದರೂ ಮೂರು ಕೇಂದ್ರಗಳನ್ನು ಇಡಬೇಕು. ಪ್ರತಿ ಚುಕ್ಕೆಯೂ ತನಗೆ ಹತ್ತಿರದ ಕೇಂದ್ರದ ಗುಂಪಿಗೆ ಸೇರುತ್ತದೆ. ಬಳಿಕ ಪ್ರತಿ ಕೇಂದ್ರವೂ ತನ್ನ ಗುಂಪಿನ ತೂಕದ ನಡುವಿಗೆ ಸರಿಯುತ್ತದೆ. ಕೇಂದ್ರಗಳು ಕದಲದೆ ನಿಲ್ಲುವವರೆಗೂ ಇದೇ ಆವರ್ತನೆ.

ಉದಾಹರಣೆಗೆ, ನೇರ ರಸ್ತೆಯ ಒಂದು ತುದಿಯಲ್ಲಿ 2 ಮೆಗಾವಾಟ್, 4 ಕಿಲೋಮೀಟರ್ ಆಚೆಯ ತುದಿಯಲ್ಲಿ 6 ಮೆಗಾವಾಟ್ ಬೇಡಿಕೆಯಿದೆ ಎನ್ನೋಣ. ಕೇಂದ್ರ ನಿಲ್ಲುವುದು ನಟ್ಟನಡುವೆ ಅಲ್ಲ, ಮೊದಲ ತುದಿಯಿಂದ 3 ಕಿಲೋಮೀಟರ್ ದೂರದಲ್ಲಿ.

ಆದರೆ ಗಣಿತಕ್ಕೆ ಊರಿನ ಪರಿಚಯವಿಲ್ಲ. ಅದು ತೋರಿಸಿದ ಜಾಗ ಮಡಿವಾಳ ಕೆರೆಯ ನೀರಿನಲ್ಲೋ ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ಮೇಲೋ ಬೀಳಬಹುದು. 1948ರಲ್ಲಿ ಅಡಿಗಲ್ಲು ಕಂಡ ಜಯನಗರದಲ್ಲಿ ಖಾಲಿ ನಿವೇಶನ ಈಗ ಅಪರೂಪ. ಇಂಥಲ್ಲಿ ‘ಕೆ-ಮೆಡಾಯ್ಡ್ಸ್’ ಎಂಬ ಸೋದರ ವಿಧಾನ ಹೆಚ್ಚು ಉಪಯುಕ್ತ. ನಿಜವಾಗಿ ಸಿಗಬಹುದಾದ ಜಾಗಗಳನ್ನಷ್ಟೇ ಮುಂದಿಟ್ಟರೆ, ಅವುಗಳಲ್ಲಿ ಯಾವುದು ಮೇಲೆಂದು ಇದೇ ಧಾಟಿಯ ಲೆಕ್ಕ ಹೇಳುತ್ತದೆ. ಅನಿಲ ನಿರೋಧಕದ ಸಬ್‌ಸ್ಟೇಷನ್ ಕಟ್ಟಡದೊಳಗೇ ಹಿಡಿಸುವುದರಿಂದ ಸಣ್ಣ ನಿವೇಶನವೂ ಪಟ್ಟಿಗೆ ಸೇರಬಹುದು.

ಲೆಕ್ಕಕ್ಕೆ ಇಂದಿನ ಲೋಡ್ ಸಾಲದು, ಹತ್ತು ವರ್ಷ ಮುಂದಿನ ಅಂದಾಜೂ ಬೇಕು. ಬನಶಂಕರಿಯ ಒಂಟಿ ಮನೆ ನಾಲ್ಕು ಅಂತಸ್ತಾಗಿ, ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್‌ಗಳು ಚಾರ್ಜಿಗೆ ನಿಂತಾಗ ನಕ್ಷೆಯ ಆ ಚುಕ್ಕೆ ತೂಕ ಹೆಚ್ಚಿಸಿಕೊಳ್ಳುತ್ತದೆ, ಕೇಂದ್ರ ಅತ್ತ ವಾಲುತ್ತದೆ. ಅತ್ತ ಒಂದು ನಿವೇಶನವನ್ನು ಈಗಲೇ ಕಾದಿರಿಸಬೇಕು.