ನಾಟಿಲಸ್ ಚಿಪ್ಪಿನಲ್ಲಿ ‘ಸುವರ್ಣ ಅನುಪಾತ’ ಇದೆಯೇ?

ಎರಡು ಹೋಳು ಮಾಡಿದ ನಾಟಿಲಸ್ ಚಿಪ್ಪಿನ ಫೋಟೋ, ಜೊತೆಗೆ ‘ಪ್ರಕೃತಿಯ ರಹಸ್ಯ ಸಂಖ್ಯೆ 1.618’ ಎಂಬ ಬರಹ. ಇಂಥ ಫಾರ್ವರ್ಡ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ನಿಜವೇ?

ಅರ್ಧ ಮಾತ್ರ ನಿಜ. ಆ ಸುರುಳಿಯಲ್ಲಿ ಗಣಿತವಂತೂ ಇದೆ. ನಾಟಿಲಸ್ ಎಂಬ ಈ ಕಡಲಜೀವಿ ಬೆಳೆದಂತೆಲ್ಲ ಚಿಪ್ಪಿಗೆ ಹೊಸ ಕೋಣೆ ಸೇರಿಸುತ್ತದೆ. ಪ್ರತಿ ಕೋಣೆಯೂ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಅಷ್ಟೇ ಪಟ್ಟು ದೊಡ್ಡದು. ಹಾಗಾಗಿ ಗಾತ್ರ ಹಿಗ್ಗಿದರೂ ಆಕಾರ ಬದಲಾಗುವುದಿಲ್ಲ. ಕಣ್ಣಿಗೆ ಅಷ್ಟು ಚೆಂದ ಕಾಣುವುದು ಇದರಿಂದಲೇ. ಗಣಿತದಲ್ಲಿ ಇದಕ್ಕೆ ಲಾಗರಿದಮಿಕ್ ಸುರುಳಿ ಎಂದು ಹೆಸರು.

ಆದರೆ ಇಂಥ ಸುರುಳಿಗಳೆಲ್ಲ ‘ಸುವರ್ಣ ಸುರುಳಿ’ ಅಲ್ಲ. ಸುವರ್ಣ ಸುರುಳಿ ಕಾಲು ಸುತ್ತಿಗೆ 1.618 ಪಟ್ಟು, ಅಂದರೆ ಪೂರ್ತಿ ಸುತ್ತಿಗೆ ಸುಮಾರು 6.85 ಪಟ್ಟು ಹಿಗ್ಗುತ್ತದೆ. ನಾಟಿಲಸ್ ಚಿಪ್ಪು ಒಂದು ಸುತ್ತಿಗೆ ಹಿಗ್ಗುವುದು ಸುಮಾರು 3 ಪಟ್ಟು ಮಾತ್ರ.

ಹಾಗಾದರೆ 1.618 ಪ್ರಕೃತಿಯಲ್ಲಿ ಇಲ್ಲವೇ? ಇದೆ, ಸೂರ್ಯಕಾಂತಿಯಲ್ಲಿ ನೋಡಿ. ಹೂವಿನ ನಡುವೆ ಎಡಕ್ಕೂ ಬಲಕ್ಕೂ ತಿರುಗುವ ಬೀಜದ ಸಾಲುಗಳನ್ನು ಎಣಿಸಿದರೆ ಸಾಮಾನ್ಯವಾಗಿ 34 ಮತ್ತು 55ರಂಥ ಜೋಡಿ ಸಿಗುತ್ತದೆ. 55ನ್ನು 34ರಿಂದ ಭಾಗಿಸಿದರೆ ಸುಮಾರು 1.618. ಪ್ರತಿ ಹೊಸ ಬೀಜ ಹಿಂದಿನದರಿಂದ ಸುಮಾರು 137.5 ಡಿಗ್ರಿ ತಿರುಗಿ ಮೂಡುವುದರಿಂದ ಬೀಜಗಳು ಜಾಗ ಬಿಡದೆ ಒತ್ತಾಗಿ ಕೂರುತ್ತವೆ.

ನಮ್ಮ ಮಾತನ್ನೂ ಸುಮ್ಮನೆ ನಂಬಬೇಡಿ. ಆ ಫೋಟೋದಲ್ಲಿ ಸುರುಳಿಯ ಕೇಂದ್ರದಿಂದ ಹೊರ ಅಂಚಿಗೆ ಒಂದು ಗೆರೆ ಎಳೆದು ಸ್ಕೇಲ್‌ನಿಂದ ಅಳೆಯಿರಿ. ಅದೇ ಗೆರೆಯ ಮೇಲೆ ಒಂದು ಸುತ್ತು ಒಳಗಿನ ಅಂಚಿನವರೆಗೂ ಅಳೆದು, ಮೊದಲ ಅಳತೆಯನ್ನು ಇದರಿಂದ ಭಾಗಿಸಿ. ಉತ್ತರ 3ರ ಆಸುಪಾಸು ಬಂದರೆ, ಫಾರ್ವರ್ಡ್ ಕಳಿಸಿದವರಿಗೂ ತಿಳಿಸಿ.