ನಗಿಸಿದ್ದು ನಟನೋ, ನಾಲಿಗೆಯೋ?

ನಮ್ಮ ಮಂಡ್ಯ ಸೀಮೆಯಲ್ಲಿ ನಟನೆಯ ಬಗ್ಗೆ ವಾದ ಮಾಡುವುದು ಟಿ.ವಿ. ಬಂದ ಮೇಲೆ ಹುಟ್ಟಿಕೊಂಡ ಚಾಳಿಯಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಿಗೆ ಹೋದರೆ ‘ಕುರುಕ್ಷೇತ್ರ’ ನಾಟಕ ಆಡಿದವರೋ, ನಿದ್ದೆಗೆಟ್ಟು ನೋಡಿದವರೋ ಸಿಕ್ಕೇ ಸಿಗುತ್ತಾರೆ. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ರಾತ್ರಿ ಡ್ರಾಮಾ ಮೇಷ್ಟ್ರ ಹಾರ್ಮೋನಿಯಂ ಮುಂದೆ ತಿಂಗಳುಗಟ್ಟಲೆ ಕಲಿತು ಆಡುವ ನಾಟಕವದು. ಮಾರನೆಯ ದಿನ ಅರಳಿಕಟ್ಟೆಯ ಮೇಲೆ ವಿಚಾರಣೆ! ದುರ್ಯೋಧನ ಹೇಳಿದ ಕಂದ ಶ್ರುತಿಗೆ ಕೂತಿತ್ತೇ? ಶಕುನಿಯ ಕಣ್ಣಲ್ಲಿ ಕಪಟ ಕಂಡಿತೇ? ಹಾಗೆ ವಾದಿಸಿದವರು ಹೆಚ್ಚು ಓದಿದವರಲ್ಲದಿರಬಹುದು. ಆದರೆ ಕಣ್ಣಾರೆ ಕಂಡದ್ದನ್ನು ಹಿಡಿದು ಮಾತಾಡುತ್ತಿದ್ದರು.

ಇಂದು ಶಾಲೆಯ ಜಗಲಿಯಲ್ಲಿ ನಡೆಯುವ ವಾದದ ವರಸೆಯೇ ಬೇರೆ. ‘ನಮ್ಮ ಹೀರೊ ದೊಡ್ಡೋನು’, ‘ನಿಮ್ಮ ಹೀರೊಗೆ ಆಕ್ಟಿಂಗೇ ಬರಲ್ಲ’. ಆಧಾರ ಕೇಳಿದರೆ ಗಳಿಕೆಯ ಕೋಟಿಗಳು, ಕಟೌಟಿನ ಎತ್ತರ! ಇದನ್ನು ಕೇಳಿದ ಪೋಷಕರು ‘ಓದೋದು ಬಿಟ್ಟು ಇದೇನು ಹರಟೆ’ ಎಂದು ಗದರುತ್ತಾರೆ. ಗದರುವ ಮುನ್ನ ಒಂದು ಕ್ಷಣ ನಿಲ್ಲಿ. ಈ ಹರಟೆಯೊಳಗೆ ನಿಮ್ಮ ಮಕ್ಕಳ ಬದುಕಿಗೇ ತಾಗುವ ಪ್ರಶ್ನೆಯೊಂದು ಅಡಗಿದೆ.

ಅದು ನಮ್ಮ ಆಡುಮಾತಿನ ಪ್ರಶ್ನೆ. ‘ಬತ್ತೀನಿ’, ‘ಓಯ್ತೀನಿ’, ‘ಏನ್ಲಾ’ ಎಂದು ಕಿರುತೆರೆಯ ಹಾಸ್ಯ ಕಾರ್ಯಕ್ರಮದಲ್ಲಿ ಯಾರಾದರೂ ಬಾಯಿ ತೆರೆದರೆ ಸಾಕು, ಚಪ್ಪಾಳೆ, ಕೇಕೆ. ಅದೇ ಮಾತಾಡುವ ನಾಗಮಂಗಲದ ಹುಡುಗಿಯೊಬ್ಬಳು ಬೆಂಗಳೂರಿನ ಕಾಲೇಜಿಗೆ ಸೇರಿದಾಗ ಪಕ್ಕದ ಬೆಂಚಿನವರು ನಕ್ಕರೆ? ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಹಾಗಾದರೆ ನಾವು ಟಿ.ವಿ. ಮುಂದೆ ಕೂತು ನಗುವುದು ಪಾತ್ರದ ಪಾಡಿಗೋ, ನಮ್ಮದೇ ನಾಲಿಗೆಗೋ?

ವಿಜ್ಞಾನದ ಮೇಷ್ಟ್ರಿಗೆ ತಿಳಿದ ದಾರಿ ಪ್ರಯೋಗವೊಂದೇ. ಲೋಲಕದ ಉದ್ದ ಬದಲಿಸುವಾಗ ಗುಂಡನ್ನು ಬದಲಿಸುವುದಿಲ್ಲ, ಅಲ್ಲವೇ? ಒಂದು ಸಲಕ್ಕೆ ಒಂದೇ ಅಂಶ ಬದಲಾಗಬೇಕು. ಆಗಲೇ ಯಾವುದರಿಂದ ಏನಾಯಿತೆಂದು ಗೊತ್ತಾಗುವುದು.

ಮೊದಲ ಪ್ರಯೋಗ: ಟಿ.ವಿ.ಯ ಧ್ವನಿ ಪೂರ್ತಿ ನಿಲ್ಲಿಸಿ ನೋಡಿ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದಲ್ಲಿ ಊರೆಲ್ಲ ಒರಟನೆಂದು ದೂರುವ ರಾಮಾಚಾರಿಯನ್ನು ಚಾಮಯ್ಯ ಮೇಷ್ಟ್ರಾದ ಕೆ.ಎಸ್. ಅಶ್ವಥ್ ನೋಡುವ ನೋಟವನ್ನು ಗಮನಿಸಿ. ಒಂದು ಮಾತೂ ಕೇಳಿಸದಿದ್ದರೂ ವಾತ್ಸಲ್ಯ ತಿಳಿಯುತ್ತದೆ. ಮುಖ, ಕೈ, ನಿಲುವು ಕೆಲಸ ಮಾಡುತ್ತಿವೆ. ಅದು ನಟನೆ.

ಎರಡನೆಯ ಪ್ರಯೋಗ: ನಗೆಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಹೇಳಿ. ನಗು ಉಳಿದರೆ ಸನ್ನಿವೇಶದಲ್ಲಿ ಸತ್ತ್ವವಿದೆ. ನಗು ಸತ್ತರೆ ಅಲ್ಲಿದ್ದದ್ದು ಉಚ್ಚಾರಣೆಯ ಅಣಕ ಮಾತ್ರ. ಈ ಪರೀಕ್ಷೆಯಲ್ಲಿ ನಪಾಸಾಗುವ ಸ್ಕಿಟ್‌ಗಳು ಬೇಕಾದಷ್ಟಿವೆ. ದಪ್ಪ ಮೈ, ಕಪ್ಪು ಬಣ್ಣವನ್ನು ಆಡಿಕೊಳ್ಳುವವೂ ಇದೇ ಸಾಲಿಗೆ ಸೇರುತ್ತವೆ.

ಪಾಸಾದವರೂ ಇದ್ದಾರೆ. 2016ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಕಾಮಿಡಿ ಕಿಲಾಡಿಗಳು’ ಸ್ಪರ್ಧೆಯ ಮೊದಲ ಆವೃತ್ತಿ ಗೆದ್ದವರು ಶಿವರಾಜ್ ಕೆ.ಆರ್. ಪೇಟೆ. ಊರನ್ನೇ ಹೆಸರಿಗೆ ಅಂಟಿಸಿಕೊಂಡ ನಟ. ‘ಅವರ ಮಾತೇ ನಗು ತರಿಸುತ್ತೆ, ನಟನೆ ಏನಿದೆ?’ ಎನ್ನುವವರಿದ್ದಾರೆ. ಅವರು 2020ರ ‘ನಾನು ಮತ್ತು ಗುಂಡ’ ನೋಡಲಿ. ಅಲ್ಲಿ ಶಿವರಾಜ್ ಆಟೊ ಚಾಲಕ, ಗುಂಡ ಅವನ ನಾಯಿ. ಕಂಠ ಅದೇ, ನಟ ಅವರೇ. ಆದರೆ ಈ ಸಲ ಕಣ್ಣು ತೇವವಾಗುತ್ತದೆ. ನಾಲಿಗೆ ಬದಲಾಗದೆ ಫಲಿತಾಂಶ ಬದಲಾಯಿತೆಂದರೆ, ಕಾರಣ ನಾಲಿಗೆಯಲ್ಲ!

ಇನ್ನೂ ದೊಡ್ಡ ಸಾಕ್ಷಿ ‘ತಿಥಿ’. ರಾಮ್ ರೆಡ್ಡಿ ನಿರ್ದೇಶಿಸಿದ ಈ ಚಿತ್ರ ತಯಾರಾದದ್ದು ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲಿ. ಸಹಲೇಖಕ ಈರೇಗೌಡರು. ಸೆಂಚುರಿ ಗೌಡ, ಗಡ್ಡಪ್ಪನಾಗಿ ನಟಿಸಿದವರು ಹಳ್ಳಿಯ ರೈತರು. ಅಪ್ಪ ಸತ್ತರೂ, ಮಗ ಜಮೀನು ಮಾರಲು ಒದ್ದಾಡಿದರೂ ತನ್ನ ಪಾಡಿಗೆ ತಾನು ನಡೆದುಹೋಗುವ ಗಡ್ಡಪ್ಪನನ್ನು ಕಂಡು ನಗದವರಾರು? 2015ರಲ್ಲಿ ಈ ಚಿತ್ರಕ್ಕೆ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಆಮೇಲೆ ರಾಷ್ಟ್ರಪ್ರಶಸ್ತಿಯೂ ಸಂದಿತು. ಯೋಚಿಸಿ: ಲೊಕಾರ್ನೊದ ಪ್ರೇಕ್ಷಕರಿಗೆ ‘ಹ’ಕಾರ ‘ಅ’ಕಾರವಾದದ್ದು ತಿಳಿಯುತ್ತದೆಯೇ? ಅವರು ಓದಿದ್ದು ಪರದೆಯ ಕೆಳಗಿನ ಅನುವಾದವನ್ನು. ನಮ್ಮ ಉಚ್ಚಾರಣೆ ಅವರ ಪಾಲಿಗೆ ಇರಲೇ ಇಲ್ಲ. ಉಳಿದದ್ದು ಪಾತ್ರ, ನಡಿಗೆ, ಮುಖ. ಅಷ್ಟೇ ಸಾಕಾಯಿತು.

ಪೋಷಕರೇ, ಭಾನುವಾರ ಅರ್ಧ ಗಂಟೆ ಮಕ್ಕಳ ಜೊತೆ ಕೂತು ಒಂದು ಹಾಸ್ಯ ಕಾರ್ಯಕ್ರಮ ನೋಡಿ. ‘ಯಾರು ದೊಡ್ಡ ನಟ?’ ಎಂದು ಕೇಳಬೇಡಿ. ‘ಯಾವ ದೃಶ್ಯ? ಅಲ್ಲಿ ಏನು ಮಾಡಿದರು? ನೀನು ನಕ್ಕಿದ್ದು ಯಾಕೆ?’ ಎಂದು ಕೇಳಿ. ಸಾಕ್ಷಿ ಕೊಟ್ಟು ಮಾತಾಡುವ ಅಭ್ಯಾಸ ಅಲ್ಲಿ ಬಂದರೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲೂ ಕಾಣುತ್ತದೆ.

ವಿದ್ಯಾರ್ಥಿಗಳೇ, ಪುಸ್ತಕದ ಕನ್ನಡ ಕಲಿಯಿರಿ, ಇಂಗ್ಲಿಷೂ ಕಲಿಯಿರಿ. ಅದಕ್ಕಾಗಿ ಮನೆಯ ಮಾತನ್ನು ಎಸೆಯಬೇಕಾಗಿಲ್ಲ. ಉತ್ತರ ಗೊತ್ತಿದ್ದರೆ ಧೈರ್ಯವಾಗಿ ಕೈ ಎತ್ತಿ ‘ನಾನ್ ಯೋಳ್ತೀನಿ ಸಾರ್’ ಎನ್ನಿ. ಉತ್ತರ ಸರಿಯಿದ್ದರೆ ಪೂರ್ತಿ ಅಂಕ.