ಬ್ಯಾಸ್ಕೆಟ್‌ಬಾಲ್ ಆಟಗಾರ ವ್ಲಾಡೆ ಡಿವಾಟ್ಸ್



ಹೈಸ್ಕೂಲು ಮೈದಾನದಲ್ಲಿ ಕಂಬದ ಮೇಲೆ ಬಲೆ ಕಟ್ಟಿದ ಕಬ್ಬಿಣದ ಬಳೆಯನ್ನು ನೀವು ನೋಡಿರಬಹುದು. ನೆಲದಿಂದ ಹತ್ತು ಅಡಿ ಎತ್ತರ. ಅದರೊಳಗೆ ಚೆಂಡು ಹಾಕುವ ಆಟವೇ ಬ್ಯಾಸ್ಕೆಟ್‌ಬಾಲ್. ತಂಡಕ್ಕೆ ಐದು ಜನ. ಬಳೆಯ ಹತ್ತಿರವೇ ಕಾಯುವ ಎತ್ತರದ ಆಟಗಾರನಿಗೆ ಸೆಂಟರ್ ಎನ್ನುತ್ತಾರೆ. ಸರ್ಬಿಯಾದ ವ್ಲಾಡೆ ಡಿವಾಟ್ಸ್ ಅಂಥ ಸೆಂಟರ್. ಎತ್ತರ ಏಳಡಿ ಒಂದು ಇಂಚು.

ಡಿವಾಟ್ಸ್ ಹುಟ್ಟಿದ್ದು 1968ರಲ್ಲಿ. ಆಗ ಸರ್ಬಿಯಾ, ಕ್ರೊವೇಷಿಯಾ ಮೊದಲಾದವು ಸೇರಿ ಯುಗೋಸ್ಲಾವಿಯಾ ಎಂಬ ಒಂದೇ ದೇಶವಾಗಿತ್ತು. ಸರ್ಬರ ಮಾತು ಕ್ರೊವೇಷಿಯನ್ನರಿಗೆ, ಅವರ ಮಾತು ಇವರಿಗೆ ಸಲೀಸಾಗಿ ತಿಳಿಯುತ್ತದೆ. ಆದರೆ ಸರ್ಬರು ಸಿರಿಲಿಕ್ ಲಿಪಿಯನ್ನೂ ಬರೆಯುತ್ತಾರೆ, ಕ್ರೊವೇಷಿಯನ್ನರದು ರೋಮನ್ ಲಿಪಿ. ಮನೆಮಾತು ಒಂದು, ಜಮೀನಿನ ಕಾಗದದ ಅಕ್ಷರ ಇನ್ನೊಂದು ಆಗಿರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದ ಡಿವಾಟ್ಸ್, ಮರುವರ್ಷ ಅಮೆರಿಕದ ಲಾಸ್ ಏಂಜಲಿಸ್ ಲೇಕರ್ಸ್ ತಂಡ ಸೇರಿದರು. ಇಂಗ್ಲಿಷ್ ಬಾರದು. ಅದೇ ವರ್ಷ ಕ್ರೊವೇಷಿಯಾದ ದ್ರಾಜೆನ್ ಪೆಟ್ರೋವಿಚ್ ಪೋರ್ಟ್‌ಲ್ಯಾಂಡ್ ತಂಡಕ್ಕೆ ಬಂದಿದ್ದರು. ದೇಶದ ತಂಡದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಇಳಿದುಕೊಳ್ಳುತ್ತಿದ್ದವರು. ಪರದೇಶದಲ್ಲಿ ಫೋನಿನ ಮೇಲೆ ತಮ್ಮ ಮಾತಿನಲ್ಲೇ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು.

1990ರ ಆಗಸ್ಟ್. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಯುಗೋಸ್ಲಾವಿಯಾ ವಿಶ್ವ ಚಾಂಪಿಯನ್ ಆಯಿತು. ಜನ ಅಂಗಳಕ್ಕೆ ನುಗ್ಗಿದರು. ಅವರಲ್ಲಿ ಒಬ್ಬನ ಕೈಯಲ್ಲಿ ಕ್ರೊವೇಷಿಯಾದ ಬಾವುಟ. ಡಿವಾಟ್ಸ್ ಅದನ್ನು ಕಿತ್ತುಕೊಂಡರು. ಇದು ಎಲ್ಲರೂ ಸೇರಿ ಗೆದ್ದದ್ದು, ಸರ್ಬಿಯಾದ ಬಾವುಟ ತಂದಿದ್ದರೂ ಹಾಗೇ ಮಾಡುತ್ತಿದ್ದೆ ಎಂಬುದು ಅವರ ವಿವರಣೆ. ಕ್ರೊವೇಷಿಯಾದ ಜನ ಅದನ್ನು ಒಪ್ಪಲಿಲ್ಲ. ನನಗೆ ಅವರ ಮಾತು ನಿಜವೆಂದೇ ತೋರುತ್ತದೆ. ಆದರೂ ಬಾವುಟಕ್ಕೆ ಕೈ ಹಾಕಬಾರದಿತ್ತು. 1991ರಲ್ಲಿ ಯುದ್ಧ ಶುರುವಾಯಿತು. ಪೆಟ್ರೋವಿಚ್ ದೂರವಾದರು. ಮಾತು ನಿಂತಿತು. 1993ರ ಜೂನ್ 7ರಂದು ಜರ್ಮನಿಯಲ್ಲಿ ಕಾರು ಅಪಘಾತದಲ್ಲಿ ಪೆಟ್ರೋವಿಚ್ ತೀರಿಕೊಂಡರು. ವಯಸ್ಸು 28.

1995ರ ಯುರೋಪ್ ಪಂದ್ಯಾವಳಿಯಲ್ಲಿ ಡಿವಾಟ್ಸರ ತಂಡಕ್ಕೆ ಚಿನ್ನ, ಕ್ರೊವೇಷಿಯಾಕ್ಕೆ ಕಂಚು. ಚಿನ್ನದ ಸರದಿ ಬಂದಾಗ ಕ್ರೊವೇಷಿಯಾದವರು ವೇದಿಕೆ ಇಳಿದು ಹೋದರು. ಅವರಲ್ಲಿ ಹಲವರು ಡಿವಾಟ್ಸರ ಹಳೆಯ ಜೊತೆಗಾರರೇ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1996ರಲ್ಲಿ ಲೇಕರ್ಸ್ ತಂಡ ಇವರನ್ನು ಷಾರ್ಲಟ್‌ಗೆ ಕೊಟ್ಟು, ಬದಲಿಗೆ ಕೊಬಿ ಬ್ರಯಂಟ್ ಎಂಬ ಹುಡುಗನನ್ನು ಪಡೆಯಿತು. ವರ್ಗಾವಣೆ ಆರ್ಡರ್ ಬಂದಾಗ ಬ್ಯಾಂಕಿನಲ್ಲಿ ನಾವು ಗೊಣಗುತ್ತಿದ್ದ ಹಾಗೆ ಡಿವಾಟ್ಸರೂ ಮೊದಲು ಆಟವನ್ನೇ ಬಿಡುತ್ತೇನೆಂದರು, ಆಮೇಲೆ ಹೋದರು. ಸ್ಯಾಕ್ರಮೆಂಟೊ ತಂಡದಲ್ಲಿ ಒಳ್ಳೆಯ ವರ್ಷಗಳು ಕಂಡರು. ಎದುರಾಳಿ ಸೋಕಿದರೆ ಸಾಕು, ದೊಪ್ಪನೆ ಬಿದ್ದು ಫೌಲ್ ಕೇಳುತ್ತಾರೆಂಬ ಅಪವಾದವೂ ಇತ್ತು. 2002ರಲ್ಲಿ ಮತ್ತೆ ವಿಶ್ವ ಚಾಂಪಿಯನ್. 2005ರಲ್ಲಿ ನಿವೃತ್ತಿ, ಅಷ್ಟರಲ್ಲಿ ಅಮೆರಿಕದ ಲೀಗಿನಲ್ಲಿ ಸಾವಿರಕ್ಕೂ ಹೆಚ್ಚು ಪಂದ್ಯ, 13 ಸಾವಿರಕ್ಕೂ ಹೆಚ್ಚು ಪಾಯಿಂಟು. 2019ರಲ್ಲಿ ಅಲ್ಲಿಯ ಹಾಲ್ ಆಫ್ ಫೇಮ್ ಗೌರವ.

2010ರಲ್ಲಿ ಈ ಗೆಳೆತನದ ಮೇಲೆ ಒಂದು ಸಾಕ್ಷ್ಯಚಿತ್ರ ಬಂತು. ಅದಕ್ಕಾಗಿ ಡಿವಾಟ್ಸ್ ಎಷ್ಟೋ ವರ್ಷಗಳ ಮೇಲೆ ಕ್ರೊವೇಷಿಯಾದ ರಾಜಧಾನಿ ಜಾಗ್ರೆಬ್‌ಗೆ ಹೋದರು. ಬೀದಿಯಲ್ಲಿ ಜನ ತಿರುಗಿ ತಿರುಗಿ ನೋಡಿದರು. ಪೆಟ್ರೋವಿಚ್ ಅವರ ತಾಯಿಯನ್ನೂ ಅಣ್ಣನನ್ನೂ ಕಂಡು ಮಾತಾಡಿಸಿದರು. ಅನಂತರ ಗೆಳೆಯನ ಸಮಾಧಿಗೆ ಹೋಗಿ, ತಾವಿಬ್ಬರೂ ಜೊತೆಗಿದ್ದ ಹಳೆಯ ಫೋಟೊ ಒಂದನ್ನು ಅಲ್ಲಿ ಇಟ್ಟು ಬಂದರು.